ಬಾಸೆಲ್ ಮಿಶನ್ನಿನ ಗೀತೆಗಳು ಚರ್ಚಿನ ಗೋಡೆಯಾಚೆ ಬಿಟ್ಟುಹೋದದ್ದೇನು?

ಶ್ರೋತೃ

ಹೊಸಗನ್ನಡ ಕವಿತೆಯ ಹುಟ್ಟಿನ ಬಗ್ಗೆ ಬರೆಯುವವರು ಒಂದು ಮಾತನ್ನು ಹೆಚ್ಚುಕಡಿಮೆ ರೂಢಿಯಂತೆ ಹೇಳುತ್ತಾರೆ: 1926ರಲ್ಲಿ ಬಿ. ಎಂ. ಶ್ರೀಕಂಠಯ್ಯನವರ ‘ಇಂಗ್ಲಿಷ್ ಗೀತಗಳು’ ಬರುವುದಕ್ಕೆ ಅರ್ಧ ಶತಮಾನಕ್ಕೂ ಮೊದಲೇ ಮಂಗಳೂರಿನಲ್ಲಿ ನೆಲೆಸಿದ್ದ ಬಾಸೆಲ್ ಮಿಶನ್ (ಸ್ವಿಟ್ಜರ್ಲೆಂಡಿನ ಪ್ರೊಟೆಸ್ಟಂಟ್ ಮತಪ್ರಚಾರ ಸಂಸ್ಥೆ) ಪಾದ್ರಿಗಳು ಜರ್ಮನ್ ಮತ್ತು ಇಂಗ್ಲಿಷ್ ಸ್ತುತಿಗೀತೆಗಳನ್ನು ಕನ್ನಡಕ್ಕೆ ತಂದಿದ್ದರು, ಆದ್ದರಿಂದ ಹೊಸ ಛಂದಸ್ಸಿನ ಬೀಜ ಅಲ್ಲಿಯೇ ಬಿದ್ದಿತು. ಈ ವಾಕ್ಯದ ಮೊದಲ ಭಾಗ ಚರಿತ್ರೆ; ‘ಆದ್ದರಿಂದ’ ಎಂಬಲ್ಲಿಂದ ಮುಂದಿನದು ಊಹೆ. ಊಹೆ ತಪ್ಪೆಂದು ನಾನು ಹೇಳುತ್ತಿಲ್ಲ, ಆದರೆ ಅದನ್ನು ಬಿಡಿಸಿ ನೋಡುವ ಶ್ರಮವನ್ನು ನಾವು ತೆಗೆದುಕೊಂಡಿಲ್ಲ ಎಂದು ಅನ್ನಿಸುತ್ತದೆ.

ಹಿನ್ನೆಲೆ ಗೊತ್ತಿರುವವರು ಈ ಖಂಡವನ್ನು ದಾಟಿಹೋಗಬಹುದು. 1834ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದರು. 1836ರಲ್ಲಿ ಹರ್ಮನ್ ಮೊಗ್ಲಿಂಗ್ ಬಂದ ಮೇಲೆ ಕೆಲಸಕ್ಕೆ ಬೇರೆಯೇ ವೇಗ ಸಿಕ್ಕಿತು. 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ, ಹೀಗೆ ಮಿಶನ್ನಿನ ಠಾಣೆಗಳು ಘಟ್ಟದ ಮೇಲಕ್ಕೂ ಹಬ್ಬಿದವು. 1841ರಲ್ಲಿ ಮಂಗಳೂರಿನಲ್ಲಿ ಕಲ್ಲಚ್ಚಿನ ಮುದ್ರಣಾಲಯ ಆರಂಭವಾಯಿತು, 1843ರಲ್ಲಿ ‘ಮಂಗಳೂರ ಸಮಾಚಾರ’ ಪತ್ರಿಕೆ ಹೊರಟಿತು. ಬೈಬಲ್ಲಿನ ಭಾಗಗಳು, ಶಾಲೆಯ ಪಾಠಗಳು, ಕರಪತ್ರಗಳು ಅಚ್ಚಾದ ಈ ಮಿಶನ್ನಿನಲ್ಲಿಯೇ ಹಾಡಿನ ಪುಸ್ತಕಗಳೂ ಅಚ್ಚಾದವು.

ಮತಾಂತರದ ಸರಿತಪ್ಪುಗಳನ್ನು ಇಲ್ಲಿ ಎತ್ತದಿರೋಣವೆಂದು ವಿನಂತಿ. ಪ್ರೊಟೆಸ್ಟಂಟ್ ಕ್ರೈಸ್ತರ ಸಂಖ್ಯೆ ಕನ್ನಡ ನಾಡಿನಲ್ಲಿ ಎಂದೂ ದೊಡ್ಡದಾಗಿರಲಿಲ್ಲ. ಹಾಗಿದ್ದೂ ಅವರ ಹಾಡು ಚರ್ಚಿನ ಗೋಡೆಯನ್ನು ದಾಟಿ ಹೊರಗಿನ ಸಮಾಜಕ್ಕೆ ತಲುಪಿತೆ, ತಲುಪಿದ್ದರೆ ಯಾವ ರೂಪದಲ್ಲಿ ತಲುಪಿತು ಎಂಬುದಷ್ಟೇ ನನ್ನ ಪ್ರಶ್ನೆ.

ಮಾತ್ರಾಗಣ

ಛಂದಸ್ಸಿನ ಕಡೆಯಿಂದ ಒಂದಿಷ್ಟು ಬಿಡಿಸಲು ಯತ್ನಿಸುತ್ತೇನೆ.

ಪಾದ್ರಿಗಳ ಕೈಯಲ್ಲಿದ್ದ ಗೀತೆಗಳ ಕಟ್ಟು ಅಕ್ಷರಗಳ ಎಣಿಕೆಯದು. ಇಂಗ್ಲಿಷಿನ ಅತ್ಯಂತ ಬಳಕೆಯ ಮಾದರಿಯಲ್ಲಿ ಸಾಲಿಗೆ ಎಂಟು, ಆರು, ಎಂಟು, ಆರು ಅಕ್ಷರಗಳು ಬರುತ್ತವೆ. ಒಂದು ಅಕ್ಷರ ಹಗುರ, ಮುಂದಿನದು ಒತ್ತು, ಹೀಗೆ ಜೋಡಿಯಾಗಿ ನಡೆಯುತ್ತದೆ. ಧಾಟಿ ಕೂಡ ಅದಕ್ಕೆ ತಕ್ಕಂತೆ ಹಗುರವಾದ ಒಂದು ಸ್ವರದಿಂದ ಎತ್ತಿಕೊಂಡು ಎರಡನೆಯ ಸ್ವರದ ಮೇಲೆ ಭಾರ ಹಾಕುತ್ತದೆ. ಇದರಲ್ಲಿ ಕನ್ನಡವನ್ನು ಕೂರಿಸಲು ಹೊರಟರೆ ಮೊದಲ ಪದಕ್ಕೇ ಎಡವುತ್ತೇವೆ. ಕನ್ನಡದಲ್ಲಿ ಪದದ ಮೊದಲ ಅಕ್ಷರಕ್ಕೆ ಸಹಜವಾಗಿಯೇ ಒಂದು ತೂಕವಿದೆ. ‘ದೇವರು’ ಎಂದು ಆರಂಭಿಸಿದರೆ ‘ದೇ’ ಹಗುರ ಸ್ವರಕ್ಕೆ ಸಿಕ್ಕಿ, ಭಾರವೆಲ್ಲ ‘ವ’ಕಾರದ ಮೇಲೆ ಬಂದು ಕೂರುತ್ತದೆ. ಜೊತೆಗೆ, ನಮ್ಮ ವಿಭಕ್ತಿ ಪ್ರತ್ಯಯಗಳ ದೆಸೆಯಿಂದ ಎಂಟು ಅಕ್ಷರಗಳಲ್ಲಿ ಎರಡು ಅಥವಾ ಮೂರು ಪದಗಳಷ್ಟೇ ಹಿಡಿಸುತ್ತವೆ. ಇಂಗ್ಲಿಷಿನಲ್ಲಿ ಅಷ್ಟರೊಳಗೆ ಆರೇಳು ಪದಗಳ ಪೂರ್ಣ ವಾಕ್ಯವೇ ಮುಗಿದಿರುತ್ತದೆ. ಇನ್ನೊಂದು ತೊಡಕೆಂದರೆ, ಅಕ್ಷರಕ್ಕೊಂದು ಸ್ವರದಂತೆ ಒಂದೇ ಅಳತೆಯಲ್ಲಿ ಹಾಡುವ ಜರ್ಮನ್ ಧಾಟಿಗಳಲ್ಲಿ ಹ್ರಸ್ವ, ದೀರ್ಘಗಳ ಭೇದ ಅಳಿಸಿಹೋಗುತ್ತದೆ. ‘ಬಲ’ ಎಂದು ಹಾಡಿದ್ದು ಕೇಳುವವರ ಕಿವಿಗೆ ‘ಬಾಲ’ ಎಂದು ಬಿದ್ದರೆ ಭಕ್ತಿರಸ ಎಲ್ಲಿ ಉಳಿಯಬೇಕು?

ಬಿಎಂಶ್ರೀ ಈ ಸಮಸ್ಯೆಯನ್ನು ಬೇರೆ ದಾರಿಯಿಂದ ಬಿಡಿಸಿದರು. ಅವರು ಅಕ್ಷರ ಎಣಿಸಲಿಲ್ಲ. ಮೂರು, ನಾಲ್ಕು, ಐದು ಮಾತ್ರೆಗಳ ಗಣಗಳನ್ನೇ ಹಿಡಿದು, ಸಾಲಿನ ಮೊದಲಲ್ಲಿ ಪದ್ಮಗಣವನ್ನೂ (ಗಣಗಳ ಲೆಕ್ಕಕ್ಕೆ ಸೇರದೆ ಬೇರೆಯಾಗಿ ನಿಲ್ಲುವ ಎರಡು ಮಾತ್ರೆಯ ತುಣುಕು) ಕೊನೆಯಲ್ಲಿ ಮುಡಿಯನ್ನೂ (ಪೂರ್ತಿಯಾಗದ ಗಣ) ಬೇಕಾದಂತೆ ಬಿಟ್ಟುಕೊಂಡು, ಸಾಲುಗಳ ಉದ್ದವನ್ನು ಹಿಗ್ಗಿಸಿದರು, ಕುಗ್ಗಿಸಿದರು. ಮೊದಲಲ್ಲಿ ಬರುವ ಹಗುರವಾದ ಎತ್ತುಗಡೆಗೆ ಪದ್ಮಗಣ ಒಂದು ಜಾಗ ಮಾಡಿಕೊಟ್ಟಿತು. ಅವರು ಎದುರಿಗಿಟ್ಟುಕೊಂಡದ್ದು ಹೆಚ್ಚಾಗಿ ಪಾಲ್‌ಗ್ರೇವ್ ಸಂಕಲನದ ಇಂಗ್ಲಿಷ್ ಭಾವಗೀತೆಗಳನ್ನು, ಚರ್ಚಿನ ಪುಸ್ತಕವನ್ನಲ್ಲ. ಆದ್ದರಿಂದ ನನ್ನ ಮಟ್ಟಿಗೆ ‘ಬೀಜ’ದ ಮಾತು ಉತ್ಪ್ರೇಕ್ಷೆ. ಒಂದೇ ಗುಡ್ಡವನ್ನು ಎರಡು ಕಡೆಯಿಂದ ಹತ್ತಿದವರು ಒಬ್ಬರಿಂದೊಬ್ಬರು ದಾರಿ ಕೇಳಿರಲೇಬೇಕೆಂದಿಲ್ಲ.

ನೇತ್ರಾವತಿ ದಂಡೆ

ಮಾತ್ರಾಗಣ ಅವರ ವಿವರಣೆ ಕಾಗದದ ಮೇಲೆ ಸರಿಯಾಗಿಯೇ ಇದೆ. ಆದರೆ ಆ ಹಾಡುಗಳನ್ನು ಕೇಳಿಯೇ ಬೆಳೆದ ಮನೆಯವಳಾಗಿ ಒಂದೆರಡು ಮಾತು ಸೇರಿಸಬೇಕೆನಿಸುತ್ತದೆ.

ನಮ್ಮ ಅಜ್ಜಿಯ ಹತ್ತಿರ ರಟ್ಟು ಕಿತ್ತುಹೋದ ಒಂದು ಗೀತೆಪುಸ್ತಕವಿತ್ತು. ಅದರಲ್ಲಿ ಬರೀ ಸಾಹಿತ್ಯವಿತ್ತೇ ಹೊರತು ಸ್ವರಲಿಪಿಯಿರಲಿಲ್ಲ. ಪ್ರತಿ ಗೀತೆಯ ನೆತ್ತಿಯ ಮೇಲೆ ಅದನ್ನು ಯಾವ ಧಾಟಿಯಲ್ಲಿ ಹಾಡಬೇಕೆಂಬ ಸೂಚನೆ ಮಾತ್ರ ಇತ್ತು. ಅಜ್ಜಿ ಆ ಜರ್ಮನ್ ಧಾಟಿಗಳನ್ನೆಲ್ಲ ‘ರಾಗ’ ಎಂದೇ ಕರೆಯುತ್ತಿದ್ದರು, ಮತ್ತು ನೀವು ಹೇಳಿದ ತಪ್ಪು ಒತ್ತುಗಳು ಅವರ ಬಾಯಲ್ಲಿ ಕೇಳಿಸುತ್ತಲೇ ಇರಲಿಲ್ಲ. ಏಕೆಂದರೆ ಅವರು ಭಾರವಾದ ಸ್ವರವನ್ನು ಸ್ವಲ್ಪ ತಡಮಾಡಿ, ಮೊದಲ ಅಕ್ಷರವನ್ನು ಎಳೆದು, ಧಾಟಿಯನ್ನೇ ಕನ್ನಡದ ಕಡೆಗೆ ಬಾಗಿಸಿಕೊಂಡಿದ್ದರು. ಪಾದ್ರಿಗಳು ಬರೆದದ್ದು ಒಂದು, ಸಭೆ ಹಾಡಿದ್ದು ಇನ್ನೊಂದು. ಚರಿತ್ರೆ ಬರೆಯುವವರು ಪುಸ್ತಕವನ್ನು ಮಾತ್ರ ನೋಡಿದರೆ ಈ ಅರ್ಧ ಕಾಣುವುದಿಲ್ಲ.

ಗೋಡೆಯಾಚೆಗಿನ ಪ್ರಭಾವವನ್ನು ಹುಡುಕುವವರು ಧಾಟಿಗಿಂತ ಮೊದಲು ಪುಸ್ತಕವನ್ನು ಕೈಯಲ್ಲಿ ಹಿಡಿದು ಹಾಡುವ ಅಭ್ಯಾಸವನ್ನು ಗಮನಿಸಬೇಕೆಂಬುದು ನನ್ನ ಅಭಿಪ್ರಾಯ. ಕೇಳಿ ಕಲಿಯುವುದು ನಮ್ಮ ಎಲ್ಲ ಹಾಡುಗಳ ದಾರಿಯಾಗಿತ್ತು. ಇಲ್ಲಿ ಹಾಡಬೇಕಾದರೆ ಓದಬೇಕು, ಓದಬೇಕಾದರೆ ಅಕ್ಷರ ಬೇಕು. ಬಿಲ್ಲವರ ಮನೆಯಿಂದ ಬಂದ, ಹಿಂದಿನ ತಲೆಮಾರಿನಲ್ಲಿ ಯಾರೂ ಓಲೆಗರಿ ಮುಟ್ಟದ ಹೆಂಗಸೊಬ್ಬಳು ಭಾನುವಾರ ಬೆಳಿಗ್ಗೆ ಗಂಡಸರ ಸಾಲಿನ ಎದುರಿಗೇ ಕುಳಿತು, ಅಚ್ಚಾದ ಪುಸ್ತಕ ತೆರೆದು, ಅವರ ಸರಿಸಮಕ್ಕೆ ದನಿಯೆತ್ತಿ ಹಾಡಿದ್ದು ಹತ್ತೊಂಬತ್ತನೆಯ ಶತಮಾನದ ಕರಾವಳಿಯಲ್ಲಿ ಸಣ್ಣ ಸಂಗತಿಯಲ್ಲ. ಮಿಶನ್ನಿನ ಹುಡುಗಿಯರ ಶಾಲೆಗಳಲ್ಲಿ ಪಾಠದಷ್ಟೇ ಹಾಡೂ ನಡೆಯುತ್ತಿತ್ತು, ಮತ್ತು ಆ ಶಾಲೆಗಳಿಗೆ ಬರುತ್ತಿದ್ದವರೆಲ್ಲ ಕ್ರೈಸ್ತರೇ ಆಗಿರಲಿಲ್ಲ.

ಕಳೆದುಕೊಂಡದ್ದನ್ನೂ ಹೇಳಲೇಬೇಕು. ದೀಕ್ಷೆ ಪಡೆದವರು ಭೂತದ ಕೋಲಕ್ಕೆ ಹೋಗುವಂತಿರಲಿಲ್ಲ. ಕೋಲವನ್ನು ಬಿಟ್ಟರೆಂದರೆ ಅದರೊಂದಿಗೆ ಭೂತಗಳ ಕಥೆ ಹೇಳುವ ತುಳು ಹಾಡಾದ ಪಾಡ್ದನವನ್ನೂ ತೆಂಬರೆಯ ಬಡಿತವನ್ನೂ ಬಿಟ್ಟಂತೆಯೇ. ಅದೇ ಮಿಶನ್ನಿನ ಆಗಸ್ಟ್ ಮ್ಯಾನರ್ ತುಳು ನಿಘಂಟು ಮಾಡುತ್ತ, ಪಾಡ್ದನಗಳನ್ನು ಸಂಗ್ರಹಿಸಿ 1886ರಲ್ಲಿ ಅಚ್ಚು ಹಾಕಿಸಿದರು. ಸಭೆಯವರು ಹಾಡಬಾರದ ಹಾಡನ್ನು ಮಿಶನ್ನೇ ಮುದ್ರಿಸಿ ಕಾಪಾಡಿತು. ಇದನ್ನು ಯೋಚಿಸಿದಾಗಲೆಲ್ಲ ನನಗೆ ನಗಬೇಕೋ ನಿಟ್ಟುಸಿರು ಬಿಡಬೇಕೋ ತಿಳಿಯುವುದಿಲ್ಲ.

ಬೆಟಗೇರಿ ಓಣಿ

ನೇತ್ರಾವತಿ ದಂಡೆ ಅವರ ಮಾತಿಗೆ ಒಂದು ತಿದ್ದುಪಡಿ. ಸಾಮೂಹಿಕವಾಗಿ ಹಾಡುವುದು ಮಿಶನ್ನಿನಿಂದ ಬಂದ ಹೊಸ ಸಂಗತಿಯೆಂಬ ಧ್ವನಿ ಅದರಲ್ಲಿದ್ದರೆ ಅದು ಬಯಲುಸೀಮೆಗೆ ಹೊಂದುವುದಿಲ್ಲ. ನಮ್ಮ ಕಡೆ ಮಠಗಳಲ್ಲಿ ಶಿವಭಜನೆ, ಮನೆಗಳಲ್ಲಿ ತತ್ತ್ವಪದ ಮೊದಲಿನಿಂದಲೂ ಇದ್ದವು. ಏಕತಾರಿ ಹಿಡಿದವನ ಹಿಂದೆ ಊರೇ ದನಿಗೂಡಿಸುತ್ತಿತ್ತು. ಪಾದ್ರಿಗಳು ಜಾತ್ರೆಗೆ ಬಂದು ಉಪದೇಶಕ್ಕೆ ಮೊದಲು ಹಾಡುತ್ತಿದ್ದರೆಂದರೆ, ಹಾಡಿದರೆ ಜನ ನಿಲ್ಲುತ್ತಾರೆಂಬುದನ್ನು ಅವರು ಆ ಜಾತ್ರೆಯಲ್ಲಿಯೇ ಕಲಿತಿರಬೇಕು.

ನೇತ್ರಾವತಿ ದಂಡೆ

ಒಪ್ಪಿದೆ. ‘ಸಾಮೂಹಿಕ’ ಎಂಬುದಕ್ಕಿಂತ ‘ಪುಸ್ತಕ’ ಎಂಬುದರ ಮೇಲೆ ನನ್ನ ಒತ್ತಿತ್ತು. ಭಜನೆಯಲ್ಲಿ ಮುಂದಾಳು ಒಂದು ಸಾಲು ಹೇಳಿ ಉಳಿದವರು ಹಿಂಬಾಲಿಸುತ್ತಾರೆ. ಚರ್ಚಿನಲ್ಲಿ ಮೊದಲಿನಿಂದ ಕೊನೆಯವರೆಗೆ ಎಲ್ಲರೂ ಒಟ್ಟಿಗೇ ಹಾಡುತ್ತಾರೆ. ಆ ವ್ಯತ್ಯಾಸಕ್ಕೆ ಅಕ್ಷರವೇ ಕಾರಣ.

ಪೇಟಿ ಮಾಸ್ತರ

ವಾದ್ಯವನ್ನು ಯಾರೂ ಪ್ರಸ್ತಾಪಿಸಲಿಲ್ಲವಲ್ಲ! ಯೂರೋಪಿನ ಚರ್ಚುಗಳಲ್ಲಿದ್ದ ಕೊಳವೆಯ ಆರ್ಗನ್ನನ್ನು ಹಡಗಿನಲ್ಲಿ ತಂದು ನಮ್ಮ ತೇವದ ಹವೆಯಲ್ಲಿ ಕಾಪಾಡುವುದು ಸುಲಭವಾಗಿರಲಿಲ್ಲ. 1840ರ ದಶಕದ ಆರಂಭದಲ್ಲಿ ಪ್ಯಾರಿಸ್ಸಿನ ಡೆಬೆನ್ ಹಕ್ಕುಪತ್ರ ಪಡೆದ ಹಾರ್ಮೋನಿಯಂ ಅದಕ್ಕೊಂದು ಅಗ್ಗದ ಬದಲಿಯಾಗಿ, ಪಾದ್ರಿಗಳ ಮತ್ತು ಯೂರೋಪಿಯನ್ ಕುಟುಂಬಗಳ ಸಾಮಾನುಗಳೊಂದಿಗೆ ಇಲ್ಲಿಗೆ ಬಂದಿತು. ಅದು ಕಾಲಿನಿಂದ ತುಳಿಯುವ, ಕುರ್ಚಿಯ ಮೇಲೆ ಕುಳಿತು ಎರಡೂ ಕೈಗಳಿಂದ ನುಡಿಸುವ ವಾದ್ಯ. ಅದನ್ನು ನೆಲದ ಮೇಲೆ ಕುಳಿತು ಒಂದು ಕೈಯಿಂದ ತಿದಿಯೊತ್ತುವ ಪೆಟ್ಟಿಗೆಯಾಗಿ ಮಾರ್ಪಡಿಸಿದ ಕೀರ್ತಿಯನ್ನು ಸಾಮಾನ್ಯವಾಗಿ ಕಲ್ಕತ್ತೆಯ ದ್ವಾರಕಾನಾಥ ಘೋಷರಿಗೆ ಕೊಡುತ್ತಾರೆ. ಒಂದು ಕೈ ತಿದಿಗೆ ಹೋದ ಕೂಡಲೇ ನಾಲ್ಕು ದನಿಗಳ ಮೇಳ ಸಾಧ್ಯವಾಗದೆ ಹೋಯಿತು, ಉಳಿದದ್ದು ಒಂದೇ ಎಳೆಯ ರಾಗ. ವಾದ್ಯ ನಮ್ಮದಾದದ್ದು ಅಲ್ಲಿ.

ನಮ್ಮ ಉತ್ತರ ಕರ್ನಾಟಕದಲ್ಲಿ ಪೇಟಿ ಇಲ್ಲದ ಭಜನೆಯಿಲ್ಲ, ಪೇಟಿ ಇಲ್ಲದ ಕಂಪನಿ ನಾಟಕವಂತೂ ಇರಲೇ ಇಲ್ಲ. ನಾಟಕದ ಕಂಪನಿಗಳಲ್ಲಿ ಕಾಲುಪೇಟಿಯೇ ಬಹಳ ಕಾಲ ಉಳಿಯಿತು, ಏಕೆಂದರೆ ಮೈಕು ಇಲ್ಲದ ಕಾಲದಲ್ಲಿ ಹಿಂದಿನ ಸಾಲಿಗೆ ಮುಟ್ಟುವ ದನಿ ಅದಕ್ಕಿತ್ತು. ಶಾಸ್ತ್ರೀಯ ಸಂಗೀತದವರು ಇದನ್ನು ಪೂರ್ತಿ ಒಪ್ಪಲಿಲ್ಲವೆಂಬುದೂ ನಿಜ: ಸ್ವರಗಳ ನಡುವಿನ ಜಾರು ಇದರಲ್ಲಿ ಬರುವುದಿಲ್ಲ, ಶ್ರುತಿಯೂ ಯೂರೋಪಿನ ಲೆಕ್ಕದ್ದು. 1940ರಲ್ಲಿ ಆಕಾಶವಾಣಿ ಹಾರ್ಮೋನಿಯಮ್ಮನ್ನು ನಿಷೇಧಿಸಿ ಮೂರು ದಶಕಗಳ ಕಾಲ ದೂರವಿಟ್ಟಿತು. ಅಷ್ಟರಲ್ಲಿ ಅದು ಮಠ, ಮಂದಿರ, ರಂಗಮಂದಿರಗಳಲ್ಲಿ ನೆಲೆಯೂರಿ, ಎಲ್ಲಿಂದ ಬಂದಿತೆಂಬುದೇ ಜನರಿಗೆ ಮರೆತುಹೋಗಿತ್ತು. ಚರ್ಚಿನ ಹಾಡಿನ ಪ್ರಭಾವ ಹುಡುಕುತ್ತಿರುವವರು ಛಂದಸ್ಸಿನ ಪುಸ್ತಕ ಮುಚ್ಚಿ ಒಮ್ಮೆ ದೇವಸ್ಥಾನದ ಭಜನಾ ಮಂಡಳಿಯತ್ತ ನೋಡಲಿ.

ಶ್ರೋತೃ

ಮಾಸ್ತರರೇ, ತಮ್ಮ ಮಾತಿನಿಂದ ಪ್ರಶ್ನೆಯ ದಿಕ್ಕೇ ಬದಲಾಯಿತು. ವಾದ್ಯದಂತೆಯೇ ಪದಗಳ ವಿಷಯದಲ್ಲಿಯೂ ಕೊಡುಕೊಳ್ಳುವಿಕೆ ಎರಡು ಕಡೆಯಿಂದ ನಡೆದಿದೆಯೆಂದು ನನಗೆ ತೋರುತ್ತದೆ.

ಕನ್ನಡ ಬೈಬಲ್ಲಿನಲ್ಲಿ ದಾವೀದನ ಸ್ತುತಿಗಳಿಗೆ ಇಟ್ಟ ಹೆಸರು ‘ಕೀರ್ತನೆಗಳು’. ತಮಿಳಿನವರು ಅದೇ ಪುಸ್ತಕವನ್ನು ‘ಸಂಗೀತಂ’ ಎನ್ನುತ್ತಾರೆ. ‘ಕೀರ್ತನೆ’ ಎಂದೊಡನೆ ಕನ್ನಡದ ಕಿವಿಗೆ ಪುರಂದರದಾಸರೂ ಕನಕದಾಸರೂ ನೆನಪಾಗದೆ ಇರುವುದಿಲ್ಲ. ಅನುವಾದಕರು ಬೇರೆ ಪದ ಟಂಕಿಸಬಹುದಿತ್ತು. ಟಂಕಿಸದೆ ದಾಸರ ಪಕ್ಕದಲ್ಲಿ ದಾವೀದನನ್ನು ಕೂರಿಸಿದರು. ಪಾಪ, ಕೃಪೆ, ಸ್ತೋತ್ರ, ರಕ್ಷಕ, ಕರ್ತ ಮುಂತಾದ ಪದಗಳೂ ಹಾಗೆಯೇ ಇದ್ದ ಅರ್ಥದ ಮೇಲೆ ಇನ್ನೊಂದು ಅರ್ಥವನ್ನು ಹೊತ್ತುಕೊಂಡವು.

ಇನ್ನು ಮೊಗ್ಲಿಂಗ್ ಅವರ ಕೆಲಸ. ನಿವೃತ್ತ ನ್ಯಾಯಾಧೀಶ ಕ್ಯಾಸಮೇಜರ್ ಅವರ ಹಣಸಹಾಯದಿಂದ 1848ರಲ್ಲಿ ಆರಂಭವಾದ ‘ಬಿಬ್ಲಿಯೊಥೆಕಾ ಕರ್ನಾಟಿಕಾ’ ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣಗಳ ಜೊತೆಗೆ ದಾಸರ ಪದಗಳನ್ನೂ ಅವರು ಅಚ್ಚು ಹಾಕಿಸಿದರು. ಎದುರಾಳಿಯ ಮನಸ್ಸನ್ನು ಅರಿಯಲು ಓದಿದರೆಂದು ಕೆಲವರು ಹೇಳುತ್ತಾರೆ, ಅದರಲ್ಲಿ ಸತ್ಯವೂ ಇರಬಹುದು. ಆದರೆ ಖಂಡಿಸುವುದಕ್ಕಾಗಿಯೇ ಓದುವವನು ಅಷ್ಟು ಪದಗಳನ್ನು ಕೂಡಿಹಾಕಿ, ಜರ್ಮನ್ ಭಾಷೆಗೂ ಕೊಂಡೊಯ್ಯುವ ಶ್ರಮ ತೆಗೆದುಕೊಳ್ಳುವುದಿಲ್ಲ. ಬಾಯಿಂದ ಬಾಯಿಗೆ ಹರಿಯುತ್ತಿದ್ದ ದಾಸರ ಪದ ಮೊದಮೊದಲು ಅಚ್ಚಿನ ಪುಸ್ತಕದ ರೂಪ ಪಡೆದದ್ದು ಒಬ್ಬ ಪಾದ್ರಿಯ ಕೈಯಿಂದ. ಕೈಯಲ್ಲಿ ಪುಸ್ತಕ ಹಿಡಿದು ಹಾಡುವ ಅಭ್ಯಾಸದ ಬಗ್ಗೆ ನೇತ್ರಾವತಿ ದಂಡೆ ಅವರು ಬರೆದದ್ದನ್ನು ಇದರೊಂದಿಗೆ ಇಟ್ಟು ನೋಡಿದರೆ, ನಾನು ‘ಚರ್ಚಿನ ಹಾಡಿನ ಪ್ರಭಾವ’ ಎಂದು ಹುಡುಕುತ್ತಿದ್ದದ್ದು ಬಹುಶಃ ‘ಚರ್ಚಿನ ಅಚ್ಚಿನ ಪ್ರಭಾವ’ ಎಂದಾಗಬೇಕು.

ಮಾತ್ರಾಗಣ

ಶ್ರೋತೃ ಅವರೇ, ಅಷ್ಟು ಬೇಗ ಹಾಡನ್ನು ಕೈಬಿಡಬೇಡಿ. ಕಿಟ್ಟೆಲ್ ಅವರನ್ನು ಮರೆತು ಮುಂದೆ ಹೋಗುತ್ತಿದ್ದೇವೆ.

1853ರಲ್ಲಿ ಬಂದ ಫರ್ಡಿನಂಡ್ ಕಿಟ್ಟೆಲ್ ಎಂದರೆ 1894ರ ನಿಘಂಟು ಎಂಬಷ್ಟಕ್ಕೇ ನಮ್ಮ ತಿಳಿವಳಿಕೆ ನಿಂತುಬಿಟ್ಟಿದೆ. ಆದರೆ ಅದಕ್ಕಿಂತ ಬಹಳ ಮೊದಲು, 1862ರಲ್ಲಿ, ಅವರ ‘ಕಥಾಮಾಲೆ’ ಹೊರಬಂದಿತ್ತು. ಅದು ಯೇಸುವಿನ ಜೀವನಕಥೆ, ದೇಶೀಯ ಛಂದಸ್ಸಿನಲ್ಲಿ. ಜರ್ಮನ್ ಧಾಟಿಗೆ ಕನ್ನಡ ತುರುಕುವ ಬದಲು ಕನ್ನಡದ ಲಯಕ್ಕೆ ಸುವಾರ್ತೆಯನ್ನು ಒಗ್ಗಿಸುವ ದಾರಿಯನ್ನು ಅವರು ಹಿಡಿದರು. ಮುಂದೆ 1872ರಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನೂ 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನೂ ಸಂಪಾದಿಸಿದವರು ಅವರೇ. ಹಾಡು ಕಟ್ಟಬೇಕೆಂಬ ಹಂಬಲವಿದ್ದವನೇ ಛಂದಸ್ಸಿನ ಹಳೆಯ ಗ್ರಂಥವನ್ನು ಹುಡುಕಿಕೊಂಡು ಹೋಗುತ್ತಾನೆ ಎಂದು ನಾನು ಓದುತ್ತೇನೆ. ನಾಗವರ್ಮನನ್ನು ಶುದ್ಧಪಾಠದೊಂದಿಗೆ ಮುದ್ರಣಕ್ಕೆ ತಂದದ್ದು ಮುಂದಿನ ಕವಿಗಳಿಗೂ ವಿದ್ವಾಂಸರಿಗೂ ಒದಗಿತು. ಅದು ಚರ್ಚಿನ ಯಾವ ಗೀತೆಗಿಂತಲೂ ಹೆಚ್ಚಿನ ಪ್ರಭಾವ.

ನೆರೆಹೊರೆಯೊಂದಿಗೆ ಹೋಲಿಸಿದರೆ ನಮ್ಮ ಕೊರತೆಯೂ ಕಾಣುತ್ತದೆ. ತಂಜಾವೂರಿನ ವೇದನಾಯಗಂ ಶಾಸ್ತ್ರಿಯಾರ್ (1774–1864) ಕರ್ನಾಟಕ ಸಂಗೀತದ ಸಂಪ್ರದಾಯದಲ್ಲಿಯೇ ಕ್ರೈಸ್ತ ಕೀರ್ತನೆಗಳನ್ನು ರಚಿಸಿ, ಕುರವಂಜಿ ಎಂಬ ಗೇಯನಾಟಕವನ್ನೂ ಬರೆದರು. ಮರಾಠಿಯಲ್ಲಿ ನಾರಾಯಣ ವಾಮನ ಟಿಳಕರು 1895ರಲ್ಲಿ ದೀಕ್ಷೆ ಪಡೆದ ಮೇಲೂ ಅಭಂಗವನ್ನು ಬಿಡಲಿಲ್ಲ. ಮರಾಠಿ ಸಾಹಿತ್ಯ ಅವರನ್ನು ಕವಿಯೆಂದೇ ಎಣಿಸುತ್ತದೆ. ಕನ್ನಡದಲ್ಲಿ ಆ ಎತ್ತರದ ಕ್ರೈಸ್ತ ವಾಗ್ಗೇಯಕಾರನೊಬ್ಬನ ಹೆಸರು ನಾಡಿಗೆಲ್ಲ ಪರಿಚಿತವಾಗಲಿಲ್ಲ. ನಮ್ಮಲ್ಲಿ ಪಾದ್ರಿಗಳೇ ಪಂಡಿತರಾದರು, ಹಾಡುಗಾರ ಹಿಂದೆ ಉಳಿದ. ಇದು ನನ್ನ ಅಭಿಪ್ರಾಯ, ಯಾರಾದರೂ ತಿದ್ದಿದರೆ ಸಂತೋಷ.

ಬೆಟಗೇರಿ ಓಣಿ

ತಿದ್ದುವುದಕ್ಕಲ್ಲ, ಒಂದು ಹೆಸರು ಸೇರಿಸುವುದಕ್ಕೆ: ರೆವರೆಂಡ್ ಉತ್ತಂಗಿ ಚನ್ನಪ್ಪನವರು. ಬಾಸೆಲ್ ಮಿಶನ್ನಿನ ಸೆಮಿನರಿಯಲ್ಲಿ ಓದಿ, ಪಾದ್ರಿಯಾಗಿ ಚರ್ಚಿನ ಗೀತೆಗಳ ನಡುವೆಯೇ ಬದುಕಿದ ಅವರು ಊರೂರು ತಿರುಗಿ ಕೂಡಿಹಾಕಿದ್ದು ಸರ್ವಜ್ಞನ ತ್ರಿಪದಿಗಳನ್ನು. ಆ ಸಂಗ್ರಹ 1924ರಲ್ಲಿ ಪ್ರಕಟವಾಯಿತು. 1949ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು. ಮಿಶನ್ನಿನ ಮನೆಯಲ್ಲಿ ಹುಟ್ಟಿದ ಅತಿ ದೊಡ್ಡ ‘ಹಾಡಿನ ಪುಸ್ತಕ’ ಅದೇ ಎಂದು ನಾನು ಹೇಳಿದರೆ ಚರ್ಚಿನವರು ಸಿಟ್ಟಾಗುವುದಿಲ್ಲವೆಂದು ನಂಬಿದ್ದೇನೆ.

ನೇತ್ರಾವತಿ ದಂಡೆ

ಸಿಟ್ಟು ಏಕೆ, ಹೆಮ್ಮೆಯೇ.

ಮಾತ್ರಾಗಣ ಅವರ ‘ಕೊರತೆ’ಯ ಮಾತಿಗೆ ಒಂದು ಕಾರಣವನ್ನು ಸೂಚಿಸುತ್ತೇನೆ. ತಂಜಾವೂರಿನ ಕ್ರೈಸ್ತ ಕವಿಗೆ ಆಸ್ಥಾನದ ಸಂಗೀತ ಹತ್ತಿರದಲ್ಲಿತ್ತು, ಟಿಳಕರಿಗೆ ತುಕಾರಾಮ ಮನೆಮಾತಾಗಿದ್ದ. ಕರಾವಳಿಯ ನಮ್ಮ ಹಿರಿಯರಿಗೆ ಹತ್ತಿರವಿದ್ದದ್ದು ಪಾಡ್ದನ ಮತ್ತು ಗದ್ದೆಯ ಹಾಡು, ಅವೆರಡೂ ಭೂತಾರಾಧನೆಯ ನಂಟಿನಿಂದಾಗಿಯೋ ಕೀಳೆಂಬ ಭಾವನೆಯಿಂದಾಗಿಯೋ ಹೊಸ್ತಿಲ ಹೊರಗೆ ಉಳಿದವು. ದಾಸರ ಕೀರ್ತನೆಯ ಮಟ್ಟು ಮೇಲುಜಾತಿಯವರ ಸೊತ್ತಾಗಿತ್ತು. ಹೀಗೆ ಎರಡೂ ಕಡೆಗೆ ಸೇರದವರಿಗೆ ಜರ್ಮನ್ ಧಾಟಿಯೇ ‘ನಮ್ಮದು’ ಎಂದು ಹೇಳಿಕೊಳ್ಳಬಹುದಾದ ಮೊದಲ ಸಂಗೀತವಾಯಿತು. ಪರಕೀಯವೆಂದು ಹೊರಗಿನವರು ಮೂಗು ಮುರಿದ ಅದೇ ಧಾಟಿ ಜಾತಿಯ ಗುರುತಿಲ್ಲದ ಧಾಟಿಯೂ ಆಗಿತ್ತು ಎಂಬುದನ್ನು ದಯವಿಟ್ಟು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. 1914ರ ಯುದ್ಧದಲ್ಲಿ ಜರ್ಮನ್ ಪಾದ್ರಿಗಳನ್ನು ಸರ್ಕಾರ ಬಂಧನದಲ್ಲಿಟ್ಟು ದೇಶದಿಂದ ಕಳುಹಿಸಿದ ಮೇಲೂ ಸಭೆಗಳು ಅವರ ಧಾಟಿಗಳನ್ನು ಬಿಡದೆ ಹಾಡಿದ್ದಕ್ಕೆ ಕೇವಲ ಅಭ್ಯಾಸಬಲ ಕಾರಣವೆಂದು ನನಗೆ ಅನ್ನಿಸುವುದಿಲ್ಲ.

ಶ್ರೋತೃ

ಈ ಕೊನೆಯ ಮಾತನ್ನು ನಾನು ಯೋಚಿಸಿಯೇ ಇರಲಿಲ್ಲ. ಮಂಗಳೂರಿನಲ್ಲಿ 1870ರಲ್ಲಿ ಬ್ರಾಹ್ಮ ಸಮಾಜ ಆರಂಭವಾದಾಗ ಮೂರ್ತಿಯಿಲ್ಲದ ಸಭಾಗೃಹದಲ್ಲಿ ಎಲ್ಲರೂ ಕುಳಿತು ಪ್ರಾರ್ಥನಾಗೀತೆ ಹಾಡುವ ಪದ್ಧತಿ ಅಲ್ಲಿಗೂ ಬಂದಿತ್ತು. ಅದರ ಮೂಲ ಬಂಗಾಳದ್ದು. ಆದರೆ ಬಿಲ್ಲವರಲ್ಲಿ ಕೆಲವರು ಅತ್ತಲೂ ಮುಖಮಾಡಿದ್ದ ಆ ಊರಿನಲ್ಲಿ, ಮೂರು ದಶಕಗಳಿಂದ ಕಿವಿಗೆ ಬೀಳುತ್ತಿದ್ದ ಚರ್ಚಿನ ಸಭಾಗಾನ ನೆಲವನ್ನು ಹದ ಮಾಡಿಟ್ಟಿರಬೇಕು. ಇದು ನನ್ನ ಊಹೆಯೆಂದೇ ಗುರುತು ಹಾಕಿಕೊಳ್ಳುತ್ತೇನೆ, ಇಲ್ಲವಾದರೆ ನಾನೂ ‘ಆದ್ದರಿಂದ’ದ ಗುಂಪಿಗೆ ಸೇರಿಬಿಡುತ್ತೇನೆ.

ಮಾತ್ರಾಗಣ ಅವರಲ್ಲಿ ಒಂದು ಕೋರಿಕೆ. ಒಂದೇ ಗೀತೆಯ ಹಳೆಯ ಮತ್ತು ಪರಿಷ್ಕೃತ ಪಾಠಗಳು ಸಿಕ್ಕರೆ, ಸಾಲಿನ ಮೊದಲಲ್ಲಿ ಬರುವ ಹಗುರ ಸ್ವರಕ್ಕೆ ಅನುವಾದಕರು ಏನು ಮಾಡಿದ್ದಾರೆಂದು ನೋಡಬಹುದಲ್ಲವೆ? ಅಲ್ಲಿ ‘ಓ’, ‘ಆ’ ಎಂಬಂಥ ಒಂಟಿ ಅಕ್ಷರಗಳನ್ನು ತುಂಬಿದ್ದರೆ ಅದು ತೇಪೆ. ಎರಡು ಮಾತ್ರೆಯ ಪದವನ್ನು ಗಣದಿಂದ ಬೇರೆಯಾಗಿ ನಿಲ್ಲಿಸಿದ್ದರೆ ಅದು ಹೆಸರಿಲ್ಲದ ಪದ್ಮಗಣ.

ಮಾತ್ರಾಗಣ

ಸರಿಯಾದ ಪರೀಕ್ಷೆ. ಎರಡನೆಯದು ಕಂಡುಬಂದರೆ ನಾನು ಮೊದಲು ಬರೆದದ್ದನ್ನು ಅರ್ಧ ಹಿಂದಕ್ಕೆ ತೆಗೆದುಕೊಳ್ಳಬೇಕಾಗುತ್ತದೆ. ನೇತ್ರಾವತಿ ದಂಡೆ ಅವರ ಅಜ್ಜಿಯ ಪುಸ್ತಕದಿಂದಲೇ ಆರಂಭಿಸಬಹುದೆ?

ನೇತ್ರಾವತಿ ದಂಡೆ

ಪುಸ್ತಕ ಈಗ ಅಕ್ಕನ ಮನೆಯಲ್ಲಿದೆ. ಮೊದಲ ಮತ್ತು ಕೊನೆಯ ಹಾಳೆಗಳು ಇಲ್ಲವಾದ್ದರಿಂದ ಮುದ್ರಣದ ವರ್ಷ ತಿಳಿಯದು. ಧಾಟಿಯ ಹೆಸರಿರುವ ಹತ್ತು ಗೀತೆಗಳನ್ನೂ ಹಿಂಭಾಗದಲ್ಲಿ ಪಲ್ಲವಿಯಿಂದ ಆರಂಭವಾಗುವ ಕೆಲವು ಕೀರ್ತನೆಗಳನ್ನೂ ಕೈಬರಹದಲ್ಲಿ ನಕಲು ಮಾಡಿ ತರುತ್ತೇನೆ. ಅಂಚಿನಲ್ಲಿ ಅಜ್ಜಿ ಪೆನ್ಸಿಲಿನಿಂದ ಹಾಕಿದ ಸಣ್ಣ ಗೆರೆಗಳಿವೆ. ಎಲ್ಲಿ ಉಸಿರು ತೆಗೆದುಕೊಳ್ಳಬೇಕು, ಯಾವ ಅಕ್ಷರ ಎಳೆಯಬೇಕು ಎಂಬುದಕ್ಕೆ ಅವರಿಟ್ಟ ಗುರುತುಗಳು. ಅವನ್ನೂ ಬಿಡದೆ ನಕಲು ಮಾಡುತ್ತೇನೆ.